ರೋಗಿಯ ರಹಸ್ಯ, ಗಣಕದ ಸ್ಮೃತಿ

ಮನುಷ್ಯನು ಹೆತ್ತವರೆದುರು ಆಡಲಾರದ ಮಾತನ್ನು, ಕೈಹಿಡಿದವಳಿಂದಲೂ ಬಚ್ಚಿಟ್ಟುಕೊಂಡಿದ್ದ ಮಾತನ್ನು, ವೈದ್ಯನ ಮುಂದೆ ಬಿಚ್ಚಿ ಹೇಳುತ್ತಾನೆ. ಹೇಳದಿದ್ದರೆ ಗುಣವಾಗದೆಂಬ ಭಯವೂ, ಹೇಳಿದರೆ ಅದು ಆ ಕೊಠಡಿಯ ಹೊಸ್ತಿಲನ್ನು ದಾಟದೆಂಬ ಭರವಸೆಯೂ ಕೂಡಿ ಅವನ ನಾಲಗೆಯನ್ನು ಸಡಿಲಿಸುತ್ತವೆ. ಈ ಭರವಸೆ ಇಂದುನಿನ್ನೆಯದಲ್ಲ. ಚರಕಸಂಹಿತೆಯ ವಿಮಾನಸ್ಥಾನದಲ್ಲಿ, ಗುರುವು ಶಿಷ್ಯನನ್ನು ವೈದ್ಯವಿದ್ಯೆಗೆ ಬರಮಾಡಿಕೊಳ್ಳುವಾಗ ವಿಧಿಸುವ ನಿಯಮಗಳ ನಡುವೆ, ರೋಗಿಯ ಮನೆಯ ಒಳಗಣ ಸಂಗತಿಗಳನ್ನು ಹೊರಗೆ ಹರಡತಕ್ಕುದಲ್ಲವೆಂಬ ಕಟ್ಟಳೆಯೂ ಇದೆ. ನಮ್ಮ ಕಾಲದಲ್ಲಿ ಭಾರತೀಯ ವೈದ್ಯಕೀಯ ಪರಿಷತ್ತು 2002ರಲ್ಲಿ ರೂಪಿಸಿದ ವೃತ್ತಿನಡತೆಯ ನಿಯಮಾವಳಿಯೂ ಅದೇ ಕರ್ತವ್ಯವನ್ನು ಪುನಃ ಘೋಷಿಸಿ, ನ್ಯಾಯಾಲಯದ ಆಜ್ಞೆ, ಗೊತ್ತಾದ ವ್ಯಕ್ತಿಗೋ ಸಮುದಾಯಕ್ಕೋ ಒದಗಬಹುದಾದ ಗಂಡಾಂತರ, ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗ, ಈ ಮೂರನ್ನು ಮಾತ್ರ ಅದಕ್ಕೆ ಅಪವಾದವನ್ನಾಗಿ ಇರಿಸಿತು.

ಈ ಎರಡು ಕಟ್ಟಳೆಗಳ ನಡುವೆ ಎರಡು ಸಾವಿರ ವರ್ಷಗಳಿಗೆ ಸಮೀಪದ ಅಂತರವಿದ್ದರೂ ಎರಡೂ ಒಬ್ಬನೇ ಶ್ರೋತೃವನ್ನು ಮನಸ್ಸಿನಲ್ಲಿಟ್ಟುಕೊಂಡು ರಚಿತವಾದುವು. ಕಿವಿಗೊಟ್ಟು ಕೇಳುವವನು ವೈದ್ಯ, ಕಟ್ಟುಪಾಡಿಗೆ ಒಳಗಾಗತಕ್ಕವನೂ ವೈದ್ಯ. ಇಂದಿನ ಸ್ಥಿತಿ ಬೇರೆ. ಓಪಿಡಿ ಚೀಟಿ ಬರೆಸುವ ಕಿಂಡಿಯಲ್ಲಿ ಕುಳಿತ ಗುತ್ತಿಗೆ ನೌಕರ, ಆತನು ಬೆರಳಚ್ಚಿಸಿದುದನ್ನು ಸಂಗ್ರಹಿಸುವ ತಂತ್ರಾಂಶದ ಕಂಪನಿ, ಆ ಕಂಪನಿ ಬಾಡಿಗೆಗೆ ಹಿಡಿದ ಎಲ್ಲಿಯದೋ ಊರಿನ ಸರ್ವರು, ರಕ್ತಪರೀಕ್ಷೆಯ ವರದಿಯನ್ನು ವಾಟ್ಸಾಪಿನಲ್ಲಿ ಕಳುಹಿಸುವ ಲ್ಯಾಬು, ಬಿಲ್ಲು ಮಂಜೂರು ಮಾಡುವ ಮುನ್ನ ರೋಗದ ಪೂರ್ವೇತಿಹಾಸವನ್ನೆಲ್ಲ ತರಿಸಿಕೊಂಡು ನೋಡುವ ವಿಮಾ ಕಂಪನಿ, ಮನೆಬಾಗಿಲಿಗೆ ಮಾತ್ರೆಗಳನ್ನು ತಲುಪಿಸುವ ಔಷಧದ ಆಪು, ಇವರೆಲ್ಲರೂ ಈಗ ರೋಗಿಯ ಮಾತನ್ನು ಕೇಳುತ್ತಾರೆ. ವೈದ್ಯನು ಕೇಳಿದುದನ್ನು ಕಾಲಕ್ರಮದಲ್ಲಿ ಮರೆಯುವುದುಂಟು, ಗಣಕಕ್ಕೆ ಮರೆವೆಂಬುದಿಲ್ಲ. ಕೇಳುವವರು ಇಷ್ಟು ಹೆಚ್ಚಿರುವಲ್ಲಿ ಕಾಯಿದೆಯ ಕಟ್ಟು ಅವರೆಲ್ಲರನ್ನೂ ಹಿಡಿದಿದೆಯೆ, ಹಿಡಿದಿದ್ದರೂ ಅದು ಸಡಿಲಿದಾಗ ನೊಂದ ರೋಗಿಯ ಕೈಗೆ ಏನು ದೊರೆಯುತ್ತದೆ ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

ಕಾಯಿದೆಯ ಕಟ್ಟನ್ನು ಮೊದಲು ದೂರದಿಂದ ಚಿಕಿತ್ಸೆ ಕೊಡುವ ಪದ್ಧತಿಯಲ್ಲಿ ನೋಡೋಣ. ಈ ಪದ್ಧತಿ ನಮ್ಮ ನಾಡಿಗೆ ಅಪರಿಚಿತವಾದುದಲ್ಲ. ಈ ಶತಮಾನದ ಆರಂಭದ ವರ್ಷಗಳಲ್ಲಿಯೇ ಇಸ್ರೋ ಸಂಸ್ಥೆಯ ಉಪಗ್ರಹ ಸಂಪರ್ಕದ ನೆರವಿನಿಂದ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯೂ ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಯೂ ಬೆಂಗಳೂರಿನ ಹೃದ್ರೋಗ ತಜ್ಞರೊಡನೆ ಜೋಡಣೆಗೊಂಡಿದ್ದುವು. ಆದರೆ ಅಂಥ ಚಿಕಿತ್ಸೆ ನ್ಯಾಯಸಮ್ಮತವೇ ಅಲ್ಲವೇ ಎಂಬ ಪ್ರಶ್ನೆಗೆ ಬಹುಕಾಲ ಯಾರೂ ಸ್ಪಷ್ಟ ಉತ್ತರವನ್ನು ಕೊಡಲಿಲ್ಲ. 2018ರಲ್ಲಿ ರತ್ನಾಗಿರಿಯ ವೈದ್ಯ ದಂಪತಿಗಳು ತಾವು ಊರಿನಲ್ಲಿಲ್ಲದಿರುವಾಗ ಬಾಣಂತಿಯೊಬ್ಬಳಿಗೆ ದೂರವಾಣಿಯ ಮೂಲಕವೇ ಔಷಧ ಸೂಚಿಸಿದರೆಂದೂ, ಅನಂತರ ಆಕೆ ಮೃತಳಾದಳೆಂದೂ ಮೊಕದ್ದಮೆ ಹೂಡಲ್ಪಟ್ಟಾಗ, ಬೊಂಬಾಯಿಯ ಉಚ್ಚ ನ್ಯಾಯಾಲಯವು ಅವರಿಗೆ ನಿರೀಕ್ಷಣಾ ಜಾಮೀನನ್ನು ನಿರಾಕರಿಸಿತು. ಆ ಪ್ರಕರಣದ ತಿರುಳು ದೂರವಾಣಿಯ ಬಳಕೆಗಿಂತ ಹೆಚ್ಚಾಗಿ ರೋಗಿಯನ್ನು ನೋಡಿಕೊಳ್ಳಲು ಅರ್ಹ ವೈದ್ಯರಾರೂ ಇಲ್ಲದಿದ್ದುದರಲ್ಲಿ ಇದ್ದಿತೆಂದು ನನಗೆ ತೋರುತ್ತದೆ; ಆದರೂ ಫೋನೆತ್ತಿ ಸಲಹೆ ಹೇಳಿದರೆ ಸೆರೆಮನೆಯೇ ಗತಿಯೆಂಬ ಭೀತಿ ಅಂದು ದೇಶದ ವೈದ್ಯವೃಂದದಲ್ಲಿ ಹರಡಿತು.

ಆ ಭೀತಿಯನ್ನು ಕಳೆದದ್ದು ಸಾಂಕ್ರಾಮಿಕ. ದೇಶಕ್ಕೆ ದೇಶವೇ ಬಾಗಿಲು ಮುಚ್ಚಿಕೊಂಡ 2020ರ ಮಾರ್ಚ್ 25ರಂದು ಕೇಂದ್ರ ಆರೋಗ್ಯ ಸಚಿವಾಲಯವು ಟೆಲಿಮೆಡಿಸಿನ್ ಮಾರ್ಗಸೂಚಿಯನ್ನು ಹೊರಡಿಸಿತು. ತ್ವರೆಯಲ್ಲಿ ಹೊರಬಂದುದಾದರೂ ಅದು ವಿವೇಕದಿಂದ ಕೂಡಿದ ಕಟ್ಟಳೆ. ನೋಂದಾಯಿತ ವೈದ್ಯನೇ ಸಲಹೆ ಕೊಡತಕ್ಕದ್ದು, ತನ್ನ ನೋಂದಣಿ ಸಂಖ್ಯೆಯನ್ನು ಔಷಧಚೀಟಿಯಲ್ಲಿ ಕಾಣಿಸತಕ್ಕದ್ದು. ಜ್ವರದ ಮಾತ್ರೆಯಂಥವನ್ನು ಯಾವ ಬಗೆಯ ಸಂಪರ್ಕದಲ್ಲಾದರೂ ಸೂಚಿಸಬಹುದು, ಕೆಲವನ್ನು ಮೊದಲ ಸಲ ಸೂಚಿಸಬೇಕಾದರೆ ವಿಡಿಯೋದಲ್ಲಿ ರೋಗಿಯ ಮುಖ ಕಾಣಬೇಕು, ಮತ್ತೆ ಕೆಲವನ್ನು ಹಿಂದೊಮ್ಮೆ ಎದುರಿಗೆ ಕೂರಿಸಿ ಪರೀಕ್ಷಿಸಿದ ರೋಗಿಗೆ ಅದೇ ಕಾಯಿಲೆಯ ಮುಂದುವರಿಕೆಯಾಗಿ ಮಾತ್ರ ಕೊಡಬಹುದು. ಮಾದಕ ದ್ರವ್ಯಗಳ ಕಾಯಿದೆಗೆ ಒಳಪಟ್ಟ ಔಷಧಗಳನ್ನೂ ಎಕ್ಸ್ ಅನುಸೂಚಿಯವನ್ನೂ ದೂರದಿಂದ ಬರೆಯಲೇಕೂಡದು. ರೋಗಿ ತಾನಾಗಿ ಕರೆ ಮಾಡಿದರೆ ಅವನ ಒಪ್ಪಿಗೆ ಆ ಕರೆಯಲ್ಲಿಯೇ ಅಡಗಿದೆ. ಆಶಾ ಕಾರ್ಯಕರ್ತೆಯೋ ಬಂಧುವೋ ವೈದ್ಯನೋ ಕರೆ ಮಾಡಿದಲ್ಲಿ ಒಪ್ಪಿಗೆಯನ್ನು ಸ್ಪಷ್ಟವಾಗಿ ಪಡೆದು ದಾಖಲಿಸಬೇಕು. ಎದುರಿಗೆ ಬಂದ ರೋಗಿಯ ವಿಷಯದಲ್ಲಿ ವೈದ್ಯನಿಗೆ ಇರುವ ಹೊಣೆಯೆಲ್ಲವೂ ಇಲ್ಲಿಯೂ ಉಂಟು. ಇದೇ ಅಡಿಪಾಯದ ಮೇಲೆ ಸರ್ಕಾರದ ದೂರಚಿಕಿತ್ಸಾ ಸೇವೆಯಾದ ಇ-ಸಂಜೀವಿನಿ ಬೆಳೆಯಿತು. ತಾಲ್ಲೂಕು ಕೇಂದ್ರಕ್ಕೆ ಹೋಗಿಬರಲು ಒಂದು ದಿನದ ಕೂಲಿಯನ್ನೇ ಬಿಡಬೇಕಾಗಿದ್ದ ಹಳ್ಳಿಯವರಿಗೆ ಅದರಿಂದ ಆದ ಉಪಕಾರವನ್ನು ಅಲ್ಲಗಳೆಯುವುದು ಕೃತಘ್ನತೆಯಾದೀತು.

ಈ ಮಾರ್ಗಸೂಚಿಯಲ್ಲಿ ಮತ್ತೊಂದು ವಾಕ್ಯವುಂಟು. ಅದರ ಮೇಲೆ ಓದುಗರ ಗಮನವನ್ನು ವಿಶೇಷವಾಗಿ ಸೆಳೆಯಬಯಸುತ್ತೇನೆ. ರೋಗಿಯ ರಹಸ್ಯವು ತಂತ್ರಜ್ಞಾನದ ಲೋಪದಿಂದಲೋ ವೈದ್ಯನಲ್ಲದ ಬೇರೊಬ್ಬನಿಂದಲೋ ಬಯಲಾಯಿತೆಂದು ನಂಬಲು ತಕ್ಕ ಆಧಾರವಿದ್ದಲ್ಲಿ ವೈದ್ಯನನ್ನು ಹೊಣೆಗಾರನೆಂದು ಎಣಿಸಲಾಗದು ಎಂಬುದೇ ಆ ವಾಕ್ಯ. ವೈದ್ಯನ ಮಟ್ಟಿಗೆ ಇದು ನ್ಯಾಯವೇ. ಸರ್ವರಿನ ಬೀಗವನ್ನು ಕಾಯುವ ವಿದ್ಯೆ ಅವನದಲ್ಲ. ಆದರೆ ಅವನನ್ನು ಬಿಟ್ಟಮೇಲೆ ಹಿಡಿಯತಕ್ಕದ್ದು ಯಾರನ್ನು? ಈ ಪ್ರಶ್ನೆಯನ್ನು ಆ ಮಾರ್ಗಸೂಚಿ ಬಗೆಹರಿಸಲಿಲ್ಲ, ಬಗೆಹರಿಸುವ ಅಧಿಕಾರವೂ ಅದಕ್ಕಿರಲಿಲ್ಲ.

ರಹಸ್ಯವು ವೈದ್ಯನ ನೀತಿಯ ಮಾತಾಗಿ ಮಾತ್ರ ಉಳಿಯದೆ ಪ್ರಜೆಯ ಹಕ್ಕಾಗಿ ಪರಿಣಮಿಸಿದ ಕಥೆಯಲ್ಲಿ ಕನ್ನಡನಾಡಿನ ಪಾಲು ದೊಡ್ಡದು. 1998ರಲ್ಲಿ ಎಚ್‌ಐವಿ ಸೋಂಕಿತನಾದ ವ್ಯಕ್ತಿಯೊಬ್ಬನು, ಆಸ್ಪತ್ರೆಯು ತನ್ನ ಸೋಂಕಿನ ಸಂಗತಿಯನ್ನು ಹೊರಗೆಡಹಿದುದರಿಂದ ತನ್ನ ಮದುವೆ ನಿಂತುಹೋಯಿತೆಂದು ಸರ್ವೋಚ್ಚ ನ್ಯಾಯಾಲಯಕ್ಕೆ ಹೋದಾಗ, ವಧುವಾಗಲಿದ್ದವಳ ಆರೋಗ್ಯದ ಹಕ್ಕು ಅವನ ಏಕಾಂತದ ಹಕ್ಕಿಗಿಂತ ಮೇಲೆಂದು ತೀರ್ಪಾಯಿತು. ಏಕಾಂತದ ಹಕ್ಕಿನ ಸ್ವರೂಪವೇ ಅಂದು ಇನ್ನೂ ಮಸುಕುಮಸುಕಾಗಿತ್ತು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು, ವಿಶ್ರಾಂತಿಯೊಂದೇ ಉಳಿದಿದೆಯೆಂದು ಇತರರು ತಿಳಿಯುವ 86ನೆಯ ವಯಸ್ಸಿನಲ್ಲಿ, 2012ರಲ್ಲಿ ಆಧಾರ್ ಯೋಜನೆಯನ್ನು ಪ್ರಶ್ನಿಸಿ ಅರ್ಜಿ ಸಲ್ಲಿಸಿದರು. ಅದರ ಫಲವಾಗಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನವು ಸಂವಿಧಾನದ 21ನೆಯ ಅನುಚ್ಛೇದದಲ್ಲಿ ಅಂತರ್ಗತವಾದ ಮೂಲಭೂತ ಹಕ್ಕೆಂದು ಏಕಕಂಠದಿಂದ ಸಾರಿತು. 2024ರ ಅಕ್ಟೋಬರಿನಲ್ಲಿ ಪುಟ್ಟಸ್ವಾಮಿಯವರು ತೀರಿಕೊಂಡರು. ಆಸ್ಪತ್ರೆಯ ಬಾಗಿಲಲ್ಲಿ ನಿಂತ ಪ್ರತಿಯೊಬ್ಬ ರೋಗಿಯೂ, ಅವರ ಹೆಸರನ್ನು ಕೇಳಿಲ್ಲದವನೂ, ಅವರಿಗೆ ಋಣಿ.

ಹಕ್ಕು ಪುಸ್ತಕದಲ್ಲಿ ಸ್ಥಾಪಿತವಾದ ಮಾತ್ರಕ್ಕೆ ಆಡಳಿತದ ಅಭ್ಯಾಸ ಬದಲಾಗದೆಂಬುದಕ್ಕೂ ನಮ್ಮ ನಾಡಿನದೇ ನಿದರ್ಶನವಿದೆ. 2020ರ ಮಾರ್ಚಿನಲ್ಲಿ, ವಿದೇಶದಿಂದ ಬಂದು ಮನೆಯಲ್ಲಿಯೇ ಪ್ರತ್ಯೇಕವಾಸದಲ್ಲಿದ್ದವರ ವಿಳಾಸಗಳ ಪಟ್ಟಿಯನ್ನು ರಾಜ್ಯ ಸರ್ಕಾರವೇ ಸಾರ್ವಜನಿಕವಾಗಿ ಪ್ರಕಟಿಸಿತು. ರೋಗ ಹರಡದಿರಲೆಂಬ ಉದ್ದೇಶ ಒಳ್ಳೆಯದೇ ಆಗಿದ್ದರೂ, ಅಂಥ ಪಟ್ಟಿ ಒಂದು ಸಲ ಕೈಯಿಂದ ಕೈಗೆ, ಫೋನಿನಿಂದ ಫೋನಿಗೆ ಹರಿದಮೇಲೆ ಅದನ್ನು ಹಿಂದಕ್ಕೆ ಕರೆಯುವ ಉಪಾಯ ಯಾವ ಸರ್ಕಾರಕ್ಕೂ ಇಲ್ಲ. ಅದೇ ಸಾಂಕ್ರಾಮಿಕದ ಕಾಲದಲ್ಲಿ ಕೇಂದ್ರ ಸರ್ಕಾರ ಹೊರತಂದ ಆರೋಗ್ಯ ಸೇತು ಆಪಿನ ವಿಷಯದಲ್ಲಿ, ಬಳಕೆದಾರರ ಆರೋಗ್ಯ ಮಾಹಿತಿಯನ್ನು ಇತರ ಇಲಾಖೆಗಳೊಡನೆ ಹಂಚಿಕೊಳ್ಳುವುದಕ್ಕೆ ಅವರಿಂದ ತಿಳಿವಳಿಕೆಯ ಸಮ್ಮತಿಯನ್ನು ಪಡೆದಂತೆ ಮೇಲ್ನೋಟಕ್ಕೆ ಕಾಣುವುದಿಲ್ಲವೆಂದು 2021ರ ಜನವರಿ 25ರಂದು ಕರ್ನಾಟಕ ಉಚ್ಚ ನ್ಯಾಯಾಲಯವು ಹೇಳಿ, ಹಾಗೆ ಹಂಚುವುದನ್ನು ಮಧ್ಯಂತರ ಆದೇಶದಿಂದ ತಡೆಯಿತು. ದೇಶವೆಲ್ಲ ಭಯದಲ್ಲಿ ಮುಳುಗಿದ್ದಾಗ ನ್ಯಾಯಾಲಯವೊಂದು ಸಮ್ಮತಿಯ ಪ್ರಶ್ನೆಯನ್ನು ಹೀಗೆ ಎತ್ತಿಹಿಡಿದದ್ದು ಸಣ್ಣ ಸಂಗತಿಯಲ್ಲ.

ಸಮ್ಮತಿಯೆಂದರೇನು ಎಂಬುದನ್ನು ಶಸ್ತ್ರಚಿಕಿತ್ಸೆಯ ವಿಷಯದಲ್ಲಿ ನಮ್ಮ ನ್ಯಾಯಶಾಸ್ತ್ರವು ಚೆನ್ನಾಗಿ ಶೋಧಿಸಿದೆ. ರೋಗನಿರ್ಣಯಕ್ಕಾಗಿ ಒಳಗನ್ನು ನೋಡುವುದಕ್ಕೆ ಮಾತ್ರ ಒಪ್ಪಿದ್ದ ಹೆಣ್ಣುಮಗಳೊಬ್ಬಳು ಅರಿವಳಿಕೆಯಲ್ಲಿದ್ದಾಗಲೇ, ಆಕೆಯ ತಾಯಿಯ ಒಪ್ಪಿಗೆಯನ್ನು ಪಡೆದು ಗರ್ಭಕೋಶವನ್ನು ತೆಗೆದುಹಾಕಿದ ಪ್ರಕರಣದಲ್ಲಿ, 2008ರಲ್ಲಿ ಸರ್ವೋಚ್ಚ ನ್ಯಾಯಾಲಯವು ಒಂದು ಕಾರ್ಯಕ್ಕೆ ಕೊಟ್ಟ ಸಮ್ಮತಿ ಮತ್ತೊಂದಕ್ಕೆ ಸಲ್ಲದೆಂದೂ, ಸಾಕಷ್ಟು ವಿವರವನ್ನು ತಿಳಿದು ಸ್ವಂತ ಇಚ್ಛೆಯಿಂದ ಕೊಟ್ಟುದೇ ಸಮ್ಮತಿಯೆಂದೂ ತೀರ್ಪಿತ್ತಿತು. ದೇಹಕ್ಕೆ ಅನ್ವಯಿಸುವ ಈ ತತ್ತ್ವ ದೇಹದ ವೃತ್ತಾಂತಕ್ಕೂ ಅನ್ವಯಿಸಬೇಡವೆ? 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವು ಅನ್ವಯಿಸಬೇಕೆಂದೇ ಹೇಳುತ್ತದೆ. ಆ ಕಾಯಿದೆ ತನ್ನ ಅರ್ಥವನ್ನು ಬಿಡಿಸಿ ಹೇಳಲು ಆರಿಸಿಕೊಂಡ ಉದಾಹರಣೆಯೇ ವೈದ್ಯಕೀಯದಿಂದ ಬಂದುದು: ಟೆಲಿಮೆಡಿಸಿನ್ ಆಪೊಂದು ಚಿಕಿತ್ಸೆಗೆ ಬೇಕಾದ ಮಾಹಿತಿಯ ಜತೆಗೆ ಫೋನಿನಲ್ಲಿರುವ ಪರಿಚಿತರ ಪಟ್ಟಿಯನ್ನೂ ಕೇಳಿ, ರೋಗಿ ಎರಡಕ್ಕೂ ಒಪ್ಪಿದರೂ, ಚಿಕಿತ್ಸೆಗೆ ಪರಿಚಿತರ ಪಟ್ಟಿ ಅನಾವಶ್ಯಕವಾದುದರಿಂದ ಆ ಒಪ್ಪಿಗೆ ಚಿಕಿತ್ಸೆಯ ಮಟ್ಟಿಗೆ ಮಾತ್ರ ಸಲ್ಲುತ್ತದೆ. ಕೊಟ್ಟ ಸಮ್ಮತಿಯನ್ನು, ಕೊಟ್ಟಷ್ಟೇ ಸುಲಭವಾಗಿ ಹಿಂದಕ್ಕೆ ಪಡೆಯುವ ಹಕ್ಕೂ ಅದರಲ್ಲಿದೆ. ಪ್ರಾಣಾಪಾಯದ ತುರ್ತಿನಲ್ಲಿಯೂ ಸಾಂಕ್ರಾಮಿಕದಲ್ಲಿಯೂ ಸಮ್ಮತಿಗಾಗಿ ಕಾಯಬೇಕಾಗಿಲ್ಲವೆಂದು ಅದು ವಿನಾಯಿತಿ ಕೊಟ್ಟಿರುವುದೂ ಸರಿಯೇ.

ಆದರೆ ಕಾಯಿದೆಯ ಹಾಳೆಯ ಮೇಲಿನ ಸಮ್ಮತಿಗೂ ಕಿಂಡಿಯ ಮುಂದಿನ ಸಮ್ಮತಿಗೂ ಇರುವ ದೂರವನ್ನು ನೋಡಬೇಕು. 2021ರ ಸೆಪ್ಟೆಂಬರ್ 27ರಂದು ದೇಶವ್ಯಾಪಿಯಾಗಿ ಆರಂಭವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಅಭಿಯಾನವು ಪ್ರತಿಯೊಬ್ಬರಿಗೂ ಆಭಾ ಎಂಬ 14 ಅಂಕಿಗಳ ಆರೋಗ್ಯ ಗುರುತಿನ ಸಂಖ್ಯೆಯನ್ನು ಕೊಡುತ್ತದೆ. ಅದರ ಕಲ್ಪನೆ ಉದಾತ್ತವಾದುದೆಂದು ಮನಃಪೂರ್ವಕವಾಗಿ ಒಪ್ಪುತ್ತೇನೆ: ದಾಖಲೆಗಳೆಲ್ಲ ಒಂದೇ ಉಗ್ರಾಣದಲ್ಲಿ ಶೇಖರವಾಗದೆ ಹುಟ್ಟಿದ ಆಸ್ಪತ್ರೆಯಲ್ಲಿಯೇ ಉಳಿದು, ರೋಗಿಯ ಅನುಮತಿ ದೊರೆತಾಗ ಮಾತ್ರ ಮತ್ತೊಬ್ಬ ವೈದ್ಯನ ಕಣ್ಣಿಗೆ ಬೀಳುವಂತೆ ಅದನ್ನು ರಚಿಸಿದ್ದಾರೆ, ಹಳೆಯ ವರದಿಗಳ ಕಟ್ಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಹೊತ್ತು ಊರೂರು ಅಲೆಯುವ ಮುದುಕನ ಕಷ್ಟ ಅದರಿಂದ ತಪ್ಪಬಹುದು. ನೀತಿಯ ಪ್ರಕಾರ ಅದು ಐಚ್ಛಿಕವೂ ಹೌದು. ಆದರೆ ಬೆಳಗಿನ ಐದರ ಬಸ್ಸು ಹಿಡಿದು ಬಂದು, ಸರತಿಯಲ್ಲಿ ಎರಡು ಗಂಟೆ ನಿಂತು, ಜ್ವರದಿಂದ ನಡುಗುತ್ತ ಕಿಂಡಿಯನ್ನು ತಲುಪಿದವನಿಗೆ, ಹಿಂದೆ ನಿಂತವರು ಬೇಗ ಬೇಗ ಎನ್ನುತ್ತಿರುವಾಗ, ಒಳಗಿನಿಂದ ಆಭಾ ಸಂಖ್ಯೆಗಾಗಿ ಒಟಿಪಿ ಹೇಳಿ ಎಂಬ ಮಾತು ಬಂದರೆ ಅವನು ಹೇಳದೆ ಇರುವನೆ? ಹಿಂದಿನ ಕಾಲದಲ್ಲಿ ಸಾಹುಕಾರನ ಪತ್ರಕ್ಕೆ ರೈತನು ಒತ್ತುತ್ತಿದ್ದ ಹೆಬ್ಬೆಟ್ಟಿಗಿಂತ ಈ ಆರು ಅಂಕಿಗಳು ಯಾವ ವಿಧದಲ್ಲಿಯೂ ಹೆಚ್ಚು ಸ್ವತಂತ್ರವಾದುವಲ್ಲ. ಐಚ್ಛಿಕವೆಂಬುದು ನಿಜವಾಗಬೇಕಾದರೆ, ಬೇಡವೆಂದವನಿಗೂ ಅದೇ ಸಾಲಿನಲ್ಲಿ, ಅದೇ ಹೊತ್ತಿನಲ್ಲಿ, ಅದೇ ಸೌಜನ್ಯದಿಂದ ಚೀಟಿ ದೊರೆಯಬೇಕು. ದೊರೆಯುವುದೆಂಬ ಫಲಕ ಕಿಂಡಿಯ ಮೇಲೆ ಕಾಣಬೇಕು.

ಭಾಷೆಯ ಪ್ರಶ್ನೆಯೂ ಇಲ್ಲಿಯೇ ಬರುತ್ತದೆ. ಸಮ್ಮತಿಯನ್ನು ಕೇಳುವ ಸೂಚನಾಪತ್ರವನ್ನು ಇಂಗ್ಲಿಷಿನಲ್ಲಿ ಆಗಲಿ ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಿ ಆಗಲಿ ಓದುವ ಆಯ್ಕೆಯನ್ನು ಪ್ರಜೆಗೆ ಕೊಡಬೇಕೆಂದು 2023ರ ಕಾಯಿದೆ ವಿಧಿಸಿದೆ. ಕನ್ನಡವೂ ಆ ಅನುಸೂಚಿಯಲ್ಲಿದೆ. ನಮ್ಮ ಖಾಸಗಿ ಆಸ್ಪತ್ರೆಗಳಲ್ಲಿ ದಾಖಲಾಗುವ ಹೊತ್ತಿಗೆ ರುಜುವಿಗಾಗಿ ಮುಂದೆ ನೀಡುವ ಹಾಳೆಗಳ ಕಂತೆಯನ್ನು ನೋಡಿದವರಿಗೆ ಈ ವಿಧಿಯ ಬೆಲೆ ತಿಳಿಯುತ್ತದೆ. ಕನ್ನಡದ ಪತ್ರವೆಂದರೆ ಅರ್ಥವಾಗುವ ಪತ್ರವೆಂದು ತಿಳಿಯಬೇಕೇ ಹೊರತು, ಇಂಗ್ಲಿಷಿನ ಕಾನೂನುವಾಕ್ಯಗಳನ್ನು ಪದಕ್ಕೆ ಪದವಿಟ್ಟು ಕಟ್ಟಿದ, ಓದಿದವನಿಗೂ ತಿಳಿಯದ ಬರಹವನ್ನಲ್ಲ. ರಾಜ್ಯದ ಆರೋಗ್ಯ ಇಲಾಖೆ ಒಂದು ಮಾದರಿ ಪತ್ರವನ್ನು ತಿಳಿಗನ್ನಡದಲ್ಲಿ ಸಿದ್ಧಪಡಿಸಿ ಎಲ್ಲ ಆಸ್ಪತ್ರೆಗಳಿಗೂ ಹಂಚುವುದಕ್ಕೆ ಯಾರ ಅಪ್ಪಣೆಯೂ ಬೇಕಾಗಿಲ್ಲ.

ಇನ್ನು 2023ರ ಕಾಯಿದೆಯ ದೊಡ್ಡ ಕೊರತೆಗೆ ಬರುತ್ತೇನೆ. 2000ದ ಮಾಹಿತಿ ತಂತ್ರಜ್ಞಾನ ಅಧಿನಿಯಮದ 43ಎ ಪ್ರಕರಣದಡಿಯಲ್ಲಿ 2011ರಲ್ಲಿ ರಚಿತವಾದ ನಿಯಮಗಳು ರೋಗದ ದಾಖಲೆಯನ್ನೂ ದೇಹಮನಸ್ಸುಗಳ ಸ್ಥಿತಿಯನ್ನೂ ಸೂಕ್ಷ್ಮ ಮಾಹಿತಿಯೆಂದು ಪ್ರತ್ಯೇಕಿಸಿದ್ದುವು. ಅದನ್ನು ಕಾಯುವುದರಲ್ಲಿ ಕಂಪನಿ ಉದಾಸೀನ ಮಾಡಿ ನಷ್ಟವುಂಟಾದರೆ ನೊಂದವನಿಗೆ ಪರಿಹಾರ ಕೊಡಬೇಕೆಂದು ಆ ಪ್ರಕರಣ ಹೇಳುತ್ತದೆ. 2018ರಲ್ಲಿ ಆರೋಗ್ಯ ಸಚಿವಾಲಯವು ವೈದ್ಯಕೀಯ ಮಾಹಿತಿಗೆಂದೇ ಪ್ರತ್ಯೇಕ ಕಾಯಿದೆಯ ಕರಡನ್ನೂ ಪ್ರಕಟಿಸಿತು. ಅದು ಕರಡಾಗಿಯೇ ಉಳಿಯಿತು. 2023ರ ಅಧಿನಿಯಮದಲ್ಲಿ ಸೂಕ್ಷ್ಮ ಮಾಹಿತಿಯೆಂಬ ವರ್ಗವೇ ಇಲ್ಲ. ಒಬ್ಬನ ಫೋನ್ ಸಂಖ್ಯೆಯೂ ಅವನ ಕ್ಷಯರೋಗದ ವೃತ್ತಾಂತವೂ ಅದರ ದೃಷ್ಟಿಯಲ್ಲಿ ಸಮಾನ. ಭದ್ರತೆಯಲ್ಲಿ ಲೋಪವಾದರೆ 250 ಕೋಟಿ ರೂಪಾಯಿಗಳವರೆಗೆ ದಂಡವುಂಟು. ಆ ದಂಡದ ಹಣ ಸೇರುವುದು ಭಾರತದ ಸಂಚಿತ ನಿಧಿಯನ್ನು. ರಹಸ್ಯ ಬಯಲಾಗಿ ಕೆಲಸ ಕಳೆದುಕೊಂಡವನಿಗೆ, ಸಂಬಂಧ ಮುರಿದುಹೋದವಳಿಗೆ, ಅದರಿಂದ ಒಂದು ಬಿಡಿಗಾಸೂ ಬಾರದು. ಸಾಲದುದಕ್ಕೆ, ಹೊಸ ಕಾಯಿದೆ ಪೂರ್ಣವಾಗಿ ಜಾರಿಗೆ ಬಂದಂದು ಹಳೆಯ 43ಎ ಪ್ರಕರಣವೂ ರದ್ದಾಗುತ್ತದೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು ನಂಬಿ ಕೊಟ್ಟ ವೈಯಕ್ತಿಕ ಮಾಹಿತಿಯನ್ನು ಬಹಿರಂಗಪಡಿಸುವುದನ್ನು ಅನುಚಿತ ವ್ಯಾಪಾರವೆಂದು ಪರಿಗಣಿಸುತ್ತದೆಂಬುದು ನಿಜ. ಆದರೆ ಎಲ್ಲರಿಗೂ ಉಚಿತವಾಗಿ ಚಿಕಿತ್ಸೆ ಕೊಡುವ ಆಸ್ಪತ್ರೆಯ ಸೇವೆ ಗ್ರಾಹಕ ಕಾಯಿದೆಯ ಹೊರಗೆಂದು 1995ರಲ್ಲಿಯೇ ಸರ್ವೋಚ್ಚ ನ್ಯಾಯಾಲಯ ನಿರ್ಣಯಿಸಿರುವುದರಿಂದ, ಕಾಸಿಲ್ಲದವನಿಗೆ ಆ ಬಾಗಿಲೂ ತೆರೆಯದು. ಅತ್ಯಂತ ದುರ್ಬಲನಾದವನೇ ಅತ್ಯಂತ ಅರಕ್ಷಿತನಾಗಿ ಉಳಿದಿದ್ದಾನೆ.

ಹೀಗೆಯೇ ಆಗಬೇಕಾಗಿರಲಿಲ್ಲ. 2017ರ ಮಾನಸಿಕ ಆರೋಗ್ಯ ಅಧಿನಿಯಮವು ಮನೋರೋಗಿಯ ಮಾಹಿತಿಯನ್ನು, ವಿದ್ಯುನ್ಮಾನ ರೂಪದಲ್ಲಿರುವುದನ್ನೂ ಸೇರಿಸಿ, ಬಹಿರಂಗಪಡಿಸಕೂಡದೆಂದು ವಿಶೇಷ ರಕ್ಷಣೆ ಕೊಟ್ಟಿದೆ; ಅದೇ ವರ್ಷದ ಎಚ್‌ಐವಿ ಕಾಯಿದೆ ಸೋಂಕಿತರ ದಾಖಲೆಗಳನ್ನಿಟ್ಟ ಸಂಸ್ಥೆಗಳಿಗೆ ದತ್ತಾಂಶ ರಕ್ಷಣೆಯ ಕ್ರಮಗಳನ್ನು ಕಡ್ಡಾಯಗೊಳಿಸಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಮುಂದಾಳುತನದಲ್ಲಿ 2022ರಿಂದ ನಡೆಯುತ್ತಿರುವ ಟೆಲಿ-ಮಾನಸ್ ಸಹಾಯವಾಣಿಗೆ, 14416ಕ್ಕೆ, ನಡುರಾತ್ರಿಯಲ್ಲಿ ಕರೆ ಮಾಡಿ ಬದುಕು ಬೇಡವಾಗಿದೆಯೆಂದು ಹೇಳಿಕೊಳ್ಳುವವನು ಆ ಬಗೆಯ ಭರವಸೆಯ ಬಲದಿಂದಲೇ ಹೇಳಿಕೊಳ್ಳುತ್ತಾನೆ. ಶಾಸನಸಭೆಗೆ ಆರೋಗ್ಯದ ರಹಸ್ಯದ ತೂಕ ಗೊತ್ತಿತ್ತು. 2023ರಲ್ಲಿ ಅದನ್ನು ಕೈಬಿಟ್ಟದ್ದು ದೋಷವೆಂದೇ ಹೇಳಬೇಕು.

ಅಪಾಯ ಕಾಲ್ಪನಿಕವಾದುದೆಂದು ಯಾರಾದರೂ ಭಾವಿಸುವುದಾದರೆ ದೆಹಲಿಯ ಏಮ್ಸ್ ಆಸ್ಪತ್ರೆಯನ್ನು ನೆನೆಯಲಿ. 2022ರ ನವೆಂಬರ್ 23ರಂದು ಕಳ್ಳಗಣಕಿಗರು ಅದರ ಐದು ಸರ್ವರುಗಳಿಗೆ ನುಗ್ಗಿ ಸುಮಾರು 1.3 ಟೆರಾಬೈಟಿನಷ್ಟು ದತ್ತಾಂಶಕ್ಕೆ ಬೀಗ ಬಿಗಿದರು. ದೇಶದ ಅಗ್ರಗಣ್ಯ ಆಸ್ಪತ್ರೆ ಸುಮಾರು ಎರಡು ವಾರ ಕಾಗದ ಪೆನ್ನುಗಳಿಂದಲೇ ಕೆಲಸ ನಡೆಸಬೇಕಾಯಿತು. ಅಲ್ಲಿಯೇ ಹೀಗಾದರೆ, ಗಣಕದ ಗುಪ್ತಪದವನ್ನು ಮೇಜಿನ ಮೇಲೆ ಚೀಟಿಯಲ್ಲಿ ಅಂಟಿಸಿಟ್ಟಿರುವ ನರ್ಸಿಂಗ್ ಹೋಮಿನ ಪಾಡನ್ನು ಊಹಿಸಬಹುದು.

ಯಂತ್ರಬುದ್ಧಿಯ ವಿಷಯವಾಗಿ ಹೆಚ್ಚು ಬೆಳೆಸುವುದಿಲ್ಲ. 2020ರ ಮಾರ್ಗಸೂಚಿ ಯಂತ್ರವು ವೈದ್ಯನಿಗೆ ನೆರವಾಗಬಹುದೇ ಹೊರತು ತಾನೇ ರೋಗಿಗೆ ಸಲಹೆ ಕೊಡುವುದಾಗಲಿ ಔಷಧ ಬರೆಯುವುದಾಗಲಿ ಕೂಡದೆಂದು ಗೆರೆಯೆಳೆದಿದೆ. ಆ ಗೆರೆ ಅಳಿಸದಿರಲಿ. ಎದೆಯ ಎಕ್ಸ್‌ರೇ ನೋಡಿ ಯಂತ್ರ ತಪ್ಪು ಹೇಳಿದಾಗ ಸಹಿ ಹಾಕಿದ ವೈದ್ಯನೊಬ್ಬನನ್ನೇ ನ್ಯಾಯಾಲಯಕ್ಕೆ ಎಳೆಯದೆ, ಯಂತ್ರವನ್ನು ಮಾರಿದವನನ್ನೂ ಉತ್ತರ ಕೇಳುವ ಕಾಲ ಬಂದಿದೆಯೆಂದಷ್ಟೇ ಹೇಳುತ್ತೇನೆ.

ಓದುಗರಿಗೆ ಈಗಲೇ ಕೈಯಲ್ಲಿರುವ ಹಕ್ಕೊಂದನ್ನು ನೆನಪಿಸುವುದು ಅಗತ್ಯ. 2002ರ ನಿಯಮಾವಳಿಯಂತೆ ಒಳರೋಗಿಯ ದಾಖಲೆಯನ್ನು ವೈದ್ಯನು ಮೂರು ವರ್ಷ ಕಾಪಾಡಬೇಕು. ರೋಗಿಯೋ ಅವನ ಅಧಿಕೃತ ಪ್ರತಿನಿಧಿಯೋ ಕೇಳಿದರೆ 72 ಗಂಟೆಗಳೊಳಗೆ ಕೊಡಬೇಕು. ಡಿಸ್ಚಾರ್ಜ್ ಸಮ್ಮರಿಯೊಂದರಿಂದಲೇ ತೃಪ್ತರಾಗದೆ ಇಡೀ ದಾಖಲೆಯನ್ನು ಲಿಖಿತವಾಗಿ ಕೇಳಿ ಪಡೆಯಿರಿ. ನಿಮ್ಮ ಮಾಹಿತಿ ಯಾರ ಯಾರ ಕೈಗೆ ಹೋಗುವುದೆಂದು ಕೇಳಿ. ಸಮ್ಮತಿಪತ್ರವನ್ನು ಕನ್ನಡದಲ್ಲಿ ಕೊಡಿರೆಂದು ಕೇಳಿ. ಅನಾವಶ್ಯಕವೆಂದು ತೋರಿದುದಕ್ಕೆ ಒಪ್ಪಬೇಡಿ.

2023ರ ಕಾಯಿದೆಯ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದುವು. ಅವುಗಳ ಮುಖ್ಯ ಭಾಗ ಜಾರಿಗೆ ಬರುವುದಕ್ಕೆ ಅಲ್ಲಿಂದ 18 ತಿಂಗಳ ಅವಧಿಯನ್ನು ಇಟ್ಟಿದ್ದಾರೆ. ಈ ಅವಧಿಯನ್ನು ಆಸ್ಪತ್ರೆಗಳು ತಮ್ಮ ಗಣಕಗಳನ್ನು ಭದ್ರಪಡಿಸಿಕೊಳ್ಳಲು ಬಳಸಲಿ. ಸಂಸತ್ತಿನಲ್ಲಿ ನಮ್ಮ ನಾಡನ್ನು ಪ್ರತಿನಿಧಿಸುವವರು, ಯಾವ ಪಕ್ಷದವರೇ ಆಗಿರಲಿ, ರೋಗದ ವೃತ್ತಾಂತವನ್ನು ಪ್ರತ್ಯೇಕ ವರ್ಗವೆಂದು ಗುರುತಿಸುವ, ರಹಸ್ಯ ಬಯಲಾಗಿ ನೊಂದವನಿಗೆ ಪರಿಹಾರದ ಹಕ್ಕನ್ನು ಮರಳಿ ಕೊಡುವ ತಿದ್ದುಪಡಿಯನ್ನು 43ಎ ಪ್ರಕರಣ ಬಿದ್ದುಹೋಗುವುದಕ್ಕೆ ಮುನ್ನವೇ ಮಂಡಿಸಬೇಕೆಂದು ಕೇಳಿಕೊಳ್ಳುತ್ತೇನೆ.